ಬಹುಸ್ತರ ಪರಿವರ್ತಕಗಳಲ್ಲಿ ಶಾರ್ಟ್ ಸರ್ಕ್ಯೂಟ್: ಜಾಗ ಬದಲಿಸಿದ ದೋಷವೊಂದರ ಚರಿತ್ರೆ

ಡಿಸಿಯಿಂದ ಎಸಿ ಅಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಬಹುಸ್ತರ ಪರಿವರ್ತಕಗಳ ಚರಿತ್ರೆಯನ್ನು ಬರೆದವರೆಲ್ಲ ಹೆಚ್ಚಾಗಿ ಅಲೆಯ ಅಂದವನ್ನೇ ಹೊಗಳಿದ್ದಾರೆ. ಎರಡು ಮಟ್ಟದ ವೋಲ್ಟೇಜ್ ಮೂರಾಯಿತು, ಮುಂದೆ ನೂರಾರಾಯಿತು, ಸೈನ್ ಅಲೆಗೆ ಹತ್ತಿರವಾಯಿತು. ಇದನ್ನೇ ಶಾರ್ಟ್ ಸರ್ಕ್ಯೂಟ್ ಕಡೆಯಿಂದ ಓದಿದರೆ, ಮಟ್ಟಗಳು ಹೆಚ್ಚಿದಂತೆಲ್ಲ ದೋಷ ಹೊಸ ಹೊಸ ಜಾಗ ಹುಡುಕಿಕೊಂಡದ್ದು ಕಾಣುತ್ತದೆ.

ಹಳೆಯ ಎರಡು ಮಟ್ಟದ ಇನ್ವರ್ಟರ್‌ನಲ್ಲಿ ಒಂದೇ ಲೆಗ್‌ನ, ಅಂದರೆ ಡಿಸಿಯ ಎರಡು ತುದಿಗಳ ನಡುವಿನ ಒಂದೇ ಸಾಲಿನ, ಎರಡು ಸ್ವಿಚ್‌ಗಳೂ ಒಟ್ಟಿಗೆ ಆನ್ ಆದರೆ ಡಿಸಿ ಮೂಲವೇ ಶಾರ್ಟ್. ಅಷ್ಟು ಸರಳ. 1981ರಲ್ಲಿ ಜಪಾನಿನ ಅಕಿರಾ ನಬಾಎ, ಇಸಾವೊ ತಕಾಹಶಿ, ಹಿರೊಫುಮಿ ಅಕಾಗಿ ಪ್ರಕಟಿಸಿದ ಮೂರು ಮಟ್ಟದ ವಿನ್ಯಾಸದಲ್ಲಿ ಲೆಗ್‌ಗೆ ನಾಲ್ಕು ಸ್ವಿಚ್, ನಡುಬಿಂದುವಿಗೆ ಸೇರಿದ ಎರಡು ಡಯೋಡ್. ಡಿಸಿ ವೋಲ್ಟೇಜನ್ನು ಎರಡು ಕೆಪಾಸಿಟರ್‌ಗಳು ಸಮಪಾಲು ಹಂಚಿಕೊಳ್ಳುತ್ತವೆ. ಇಲ್ಲಿ ತುತ್ತತುದಿಯ ಸ್ವಿಚ್ ಕೆಟ್ಟು ಶಾರ್ಟ್ ಆಯಿತೆನ್ನಿ. ಔಟ್‌ಪುಟ್ ಧನ ಮಟ್ಟದಲ್ಲಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಆ ಸ್ವಿಚ್ ಹೇಗೂ ಆನ್ ಇರಬೇಕಾದದ್ದೇ. ಶೂನ್ಯ ಮಟ್ಟಕ್ಕಾಗಿ ನಡುವಿನ ಎರಡು ಸ್ವಿಚ್‌ಗಳು ಆನ್ ಆದೊಡನೆ ಮೂರೂ ಸ್ವಿಚ್ ಹಾದು, ಕೆಳಗಿನ ಡಯೋಡ್ ಮೂಲಕ ನಡುಬಿಂದುವಿಗೆ ದಾರಿ ತೆರೆದುಕೊಳ್ಳುತ್ತದೆ. ಮೇಲಿನ ಕೆಪಾಸಿಟರ್ ಬರಿದಾಗಿ, ಪೂರ್ತಿ ವೋಲ್ಟೇಜ್ ಕೆಳಗಿನ ಅರ್ಧದ ಮೇಲೆ ಬೀಳುತ್ತದೆ. ಅರ್ಧ ವೋಲ್ಟೇಜಿಗೆಂದೇ ಆಯ್ದ ಬಿಡಿಭಾಗಗಳು ಅದನ್ನು ತಾಳುವುದು ಕಷ್ಟ. ಮಟ್ಟ ಹೆಚ್ಚಿಸಿದ ಉಪಾಯವೇ ದೋಷ ಹಬ್ಬುವ ಹಾದಿಯೂ ಆಯಿತು.

ದೋಷ ಹೀಗೆ ಹಬ್ಬುವ ವೇಗಕ್ಕೆ ಫ್ಯೂಸ್ ಸಾಲದು. ಸ್ವಿಚ್ಚೇ ಕೆಲಹೊತ್ತು ತಾಳಿಕೊಳ್ಳಬೇಕು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗ ಅವರು ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರೂಪಿಸಿದ ಐಜಿಬಿಟಿ ಎಂಬ ಸ್ವಿಚ್ ಇಲ್ಲಿ ನೆರವಿಗೆ ಬಂತು. ಆರಂಭದ ಐಜಿಬಿಟಿಗಳಿಗೆ ಕರೆಂಟ್ ಮಿತಿಮೀರಿದರೆ ಲ್ಯಾಚ್ ಆಗುವ, ಅಂದರೆ ಗೇಟ್ ಹೇಳಿದರೂ ಆಫ್ ಆಗದ, ಚಾಳಿಯಿತ್ತು. ತೊಶಿಬಾದ ನಕಗಾವಾ ತಂಡ 1984ರಲ್ಲಿ ಅದನ್ನು ಬಗೆಹರಿಸಿ ತೋರಿಸಿತು. ಮುಂದೆ 10 ಮೈಕ್ರೊಸೆಕೆಂಡ್ ತಾಳಿಕೆ ರೂಢಿಯ ಅಳತೆಯಾಯಿತು. ಆನ್ ಆದ ಐಜಿಬಿಟಿಯ ಮೇಲೆ ಉಳಿಯಬೇಕಾದದ್ದು ಎರಡು-ಮೂರು ವೋಲ್ಟ್. ಅದು ಏರಿತೆಂದರೆ ಗೇಟ್ ಡ್ರೈವರ್ ದೋಷವೆಂದು ತಿಳಿದು ಆಫ್ ಮಾಡುತ್ತದೆ, ಅದೂ ಮೆಲ್ಲಗೆ. ಇಲ್ಲವಾದರೆ ಬಸ್‌ಬಾರ್‌ನ ಇಂಡಕ್ಟನ್ಸ್ ವೋಲ್ಟೇಜನ್ನು ಚಿಮ್ಮಿಸುತ್ತದೆ. ಹತ್ತು ಮೈಕ್ರೊಸೆಕೆಂಡಿನೊಳಗೆ ಮೆಲ್ಲಗೆ!

2003ರಲ್ಲಿ ಜರ್ಮನಿಯ ಲೆಸ್ನಿಕಾರ್ ಮತ್ತು ಮಾರ್ಕ್ವಾರ್ಟ್ ಮಾಡ್ಯುಲರ್ ಬಹುಸ್ತರ ಪರಿವರ್ತಕವನ್ನು ಮುಂದಿಟ್ಟರು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟ್ರಾನ್ಸ್ ಬೇ ಕೇಬಲ್ ಎಂಬ ಡಿಸಿ ವಿದ್ಯುತ್ ಸಂಪರ್ಕ ಅದನ್ನು 400 ಮೆಗಾವಾಟ್ ಮಟ್ಟಕ್ಕೆ ತಂದಿತು. ಪ್ರತಿ ತೋಳಿನಲ್ಲೂ, ಅಂದರೆ ಲೆಗ್‌ನ ಪ್ರತಿ ಅರ್ಧದಲ್ಲೂ, ತಮ್ಮದೇ ಸ್ವಿಚ್ ಮತ್ತು ಕೆಪಾಸಿಟರ್ ಇರುವ ಸುಮಾರು 200 ಸಬ್‌ಮಾಡ್ಯೂಲ್; ಒಂದು ಕೆಟ್ಟರೆ ಬೈಪಾಸ್ ಸ್ವಿಚ್ ಅದನ್ನು ಬದಿಗೆ ಸರಿಸುತ್ತದೆ, ಉಳಿದವು ದುಡಿಯುತ್ತವೆ. ಒಳಗಿನ ದೋಷಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ಅದಕ್ಕೆ ಮುಂಚೆ ಇರಲಿಲ್ಲವೆಂದೇ ನನ್ನ ಅಭಿಪ್ರಾಯ.

ತೊಡಕು ಹೊರಗೆ ಕಾದಿತ್ತು. ಡಿಸಿ ಲೈನೇ ಶಾರ್ಟ್ ಆದರೆ ಐಜಿಬಿಟಿಗಳನ್ನೆಲ್ಲ ಆಫ್ ಮಾಡಿಯೂ ಪ್ರಯೋಜನವಿಲ್ಲ. ಅರ್ಧ ಸೇತುವೆಯ, ಅಂದರೆ ಎರಡೇ ಸ್ವಿಚ್‌ನ, ಸಬ್‌ಮಾಡ್ಯೂಲ್‌ಗಳ ಡಯೋಡ್‌ಗಳ ಮೂಲಕ ಎಸಿ ಗ್ರಿಡ್ ದೋಷಕ್ಕೆ ಕರೆಂಟ್ ಉಣಿಸುತ್ತಲೇ ಇರುತ್ತದೆ. ಎಸಿ ಬ್ರೇಕರ್ ತೆರೆದುಕೊಳ್ಳುವವರೆಗೆ, ಅಂದರೆ ಹತ್ತಾರು ಮಿಲಿಸೆಕೆಂಡ್, ಡಯೋಡ್ ಉಳಿಯಲೆಂದು ಅದರ ಪಕ್ಕದಲ್ಲಿ ಥೈರಿಸ್ಟರ್ ಒಂದನ್ನು ಕೂರಿಸಬೇಕಾಯಿತು. ಇದಕ್ಕೆ ಹೋಲಿಸಲು, ಅದೇ 2003ರಲ್ಲಿ ಕೆಲಸ ಆರಂಭಿಸಿದ ±500 ಕಿಲೋವೋಲ್ಟ್‌ನ ತಾಲ್ಚೇರ್-ಕೋಲಾರ ಡಿಸಿ ಲೈನನ್ನು ನೋಡಿ. ಅದು ಹಳೆಯ ಥೈರಿಸ್ಟರ್ ತಂತ್ರದ್ದು. ಲೈನಿಗೆ ಸಿಡಿಲು ಬಡಿದು ಡಿಸಿ ಶಾರ್ಟ್ ಆದರೆ ಕಳಿಸುವ ತುದಿ ತನ್ನ ಫೈರಿಂಗ್ ಕೋನವನ್ನು (ಥೈರಿಸ್ಟರ್ ಆನ್ ಆಗುವ ಗಳಿಗೆಯನ್ನು) 90 ಡಿಗ್ರಿಯಾಚೆ ತಳ್ಳಿ ವೋಲ್ಟೇಜನ್ನು ತಿರುಗಿಸುತ್ತದೆ. ಕರೆಂಟ್ ಆರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಲೈನ್ ಮತ್ತೆ ಚಾಲೂ. ಹಳೆಯದಕ್ಕೆ ಸಹಜವಾಗಿದ್ದ ಈ ಗುಣ ಹೊಸದಕ್ಕೆ ಇರಲಿಲ್ಲ. ನೀರಡಿಯ ಕೇಬಲ್‌ನಲ್ಲಿ ದೋಷಗಳೇ ವಿರಳವಾದ್ದರಿಂದ ಟ್ರಾನ್ಸ್ ಬೇಗೆ ಅದು ದೊಡ್ಡ ಕೊರತೆಯೆನಿಸಲಿಲ್ಲ.

ಕಂಬಗಳ ಮೇಲಿನ ಲೈನಿಗೆ ಹಾಗಲ್ಲ. ಅದಕ್ಕಾಗಿ ಚೀನಾ 2020ರಲ್ಲಿ ಎರಡು ಬೇರೆ ಬೇರೆ ದಾರಿಗಳನ್ನು ಹಿಡಿಯಿತು. ಝಾಂಗ್‌ಬೈ ಜಾಲದಲ್ಲಿ ಅರ್ಧ ಸೇತುವೆಯನ್ನೇ ಉಳಿಸಿಕೊಂಡು, ಸುಮಾರು 3 ಮಿಲಿಸೆಕೆಂಡಿನಲ್ಲಿ ಕರೆಂಟ್ ಕಡಿಯುವ ಡಿಸಿ ಬ್ರೇಕರ್‌ಗಳನ್ನು ಲೈನಿಗೆ ಹಾಕಿದರು. ±800 ಕಿಲೋವೋಲ್ಟ್‌ನ ಕುನ್‌ಲ್ಯೂಲಾಂಗ್ ಯೋಜನೆಯಲ್ಲಿ ಪೂರ್ಣ ಸೇತುವೆಯ ಸಬ್‌ಮಾಡ್ಯೂಲ್‌ಗಳನ್ನು ಬೆರೆಸಿದರು. ಇವು ಉಲ್ಟಾ ವೋಲ್ಟೇಜ್ ಒಡ್ಡಿ ಕರೆಂಟ್ ನಿಲ್ಲಿಸುತ್ತವೆ. ಆದರೆ ಒಂದೊಂದರಲ್ಲೂ ಎರಡರ ಬದಲು ನಾಲ್ಕು ಸ್ವಿಚ್ ಬೇಕು, ನಷ್ಟವೂ ಹೆಚ್ಚು. ಹಾಗಾಗಿ ಎಲ್ಲವನ್ನೂ ಪೂರ್ಣ ಸೇತುವೆಯಾಗಿಸದೆ, ಗುವಾಂಗ್‌ಶಿ ಮತ್ತು ಗುವಾಂಗ್‌ಡಾಂಗ್‌ನ ಪಡೆಯುವ ತುದಿಗಳಲ್ಲಿ ಎರಡೂ ಬಗೆಯವನ್ನು ಬೆರೆಸಿ ಇಟ್ಟರು. ಯುನ್ನಾನ್‌ನ ಕಳಿಸುವ ತುದಿಗೆ ಥೈರಿಸ್ಟರನ್ನೇ ಆಯ್ದರು.