ಭದ್ರಾವತಿಯ ಬೀಡು, ಡೆಟ್ರಾಯ್ಟ್‌ನ ಕಾರು

1935ರಲ್ಲಿ ಕಾರು ಕಾರ್ಖಾನೆಗಳನ್ನು ನೋಡಲು ಅಮೆರಿಕಕ್ಕೆ ಹೋದಾಗ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಎಪ್ಪತ್ತು ದಾಟಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ಹಳಿಗೆ ತಂದು 1929ರಲ್ಲೇ ಆ ಹೊಣೆಯಿಂದ ಹೊರಬಂದಿದ್ದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು ಸೇರಿ ಅಲ್ಲಿ ತಯಾರಾಗುತ್ತಿದ್ದ ಬೀಡು ಕಬ್ಬಿಣ ಅಮೆರಿಕಕ್ಕೂ ಹಡಗೇರುತ್ತಿತ್ತು. ಬೀಡು ಕಳಿಸಿ ಕಾರು ತರಿಸಿಕೊಳ್ಳುವ ವ್ಯಾಪಾರ ಅವರಿಗೆ ಸರಿಕಂಡಿರಲಾರದು.

ಅವರ ಕಾರು ಕಾರ್ಖಾನೆಯ ಯೋಜನೆಯನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಯುದ್ಧಕ್ಕೆ ಇದರ ಅಗತ್ಯವಿಲ್ಲವೆಂದು ಬ್ರಿಟಿಷ್ ಸರ್ಕಾರ ಅಡ್ಡ ನಿಂತಿತು. ಅದೇ ವಾಲ್‌ಚಂದರ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿಗೆ ಬಂತು. ಕಾರಿನದು 1944ರಲ್ಲಿ ಪ್ರೀಮಿಯರ್ ಹೆಸರಿನಲ್ಲಿ ಬಾಂಬೆ ಪಾಲಾಯಿತು.

ಎರಡನೇ ತಿರುವು 1953. ಆ ಜೂನ್ 30ರಂದು ಮಿಶಿಗನ್‌ನ ಫ್ಲಿಂಟ್‌ನಲ್ಲಿ ಮೊದಲ ಷೆವರ್ಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರು ಹೊರಬಂತು. ಅದೇ ವರ್ಷ ನಮ್ಮ ಸುಂಕ ಆಯೋಗ, ಬಿಡಿಭಾಗ ತರಿಸಿ ಬರೀ ಜೋಡಿಸುವ ಕಂಪನಿಗಳಿಗೆ ಇನ್ನು ಜಾಗವಿಲ್ಲ ಎಂದಿತು. 1928ರಿಂದ ಬಾಂಬೆಯಲ್ಲಿ ಷೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿತು. ಹಾಗಾಗಿ ನಮ್ಮವರ ಹಳೆ ಷೆಡ್ಡುಗಳಲ್ಲಿರುವ ಅಮೆರಿಕನ್ ಕಾರುಗಳು ಬಹುಪಾಲು ಅದಕ್ಕೂ ಹಿಂದಿನವು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಸ್ಟುಡಿಬೇಕರ್ ಕೂಡ ಆ ಪೈಕಿಯದೇ. ರೇಸಿಗೆಂದೇ ಹುಟ್ಟಿದ ಅಮೆರಿಕನ್ ಕಾರುಗಳ ಇಡೀ ತಲೆಮಾರು ನಮಗೆ ತಪ್ಪಿಹೋಯಿತು.

ತಪ್ಪಿದ್ದು ಎಂಥದೆಂದು ತಿಳಿಯಲು ಕಾರ್ವೆಟ್ ಎಲ್88 ಒಂದೇ ಸಾಕು. 1967ರಲ್ಲಿ 20, 1968ರಲ್ಲಿ 80, 1969ರಲ್ಲಿ 116, ಅಷ್ಟೇ ಮಾಡಿದ್ದು. ಏಳು ಲೀಟರಿನ ಎಂಜಿನ್, ಬೀಡಿನ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಕಾಗದದಲ್ಲಿ 430 ಅಶ್ವಶಕ್ತಿ ಎಂದು ಬರೆದರೂ ನಿಜದಲ್ಲಿ 500 ದಾಟುತ್ತಿತ್ತು. ಸಾಮಾನ್ಯ ಗಿರಾಕಿ ಇದರ ತಂಟೆಗೆ ಬರದಿರಲಿ ಎಂಬ ಉಪಾಯವದು! ರೇಡಿಯೊ ಇಲ್ಲ, 1967ರವಕ್ಕೆ ಹೀಟರೂ ಇಲ್ಲ. 103 ಆಕ್ಟೇನ್‌ಗಿಂತ ಕಡಿಮೆಯ ಪೆಟ್ರೋಲ್ ಹಾಕಬೇಡಿ ಎಂಬ ಎಚ್ಚರಿಕೆ ಒಳಗೇ ಅಂಟಿಸಿತ್ತು. 2014ರಲ್ಲಿ ಒಂದು 1967ರ ಎಲ್88 ಹರಾಜಿನಲ್ಲಿ 38.5 ಲಕ್ಷ ಡಾಲರ್ ತಂದಿತು. ರೇಸಿನಲ್ಲಿ ಎಂಜಿನ್ ಸುಟ್ಟರೆ ಬೇರೆಯದನ್ನು ಕೂರಿಸುವುದು ಮಾಮೂಲು. ಆದ್ದರಿಂದ ಎಂಜಿನ್ ಮೂಲದ್ದೇ ಎಂದು ತಿಳಿಯಲು ಪರಿಣತರು ಬಣ್ಣದ ಹೊಳಪಿಗೆ ಮರುಳಾಗದೆ ಬ್ಲಾಕಿನ ಮೇಲೆ ಗುದ್ದಿದ ಅಂಕಿಗಳನ್ನೂ ಪೆಟ್ರೋಲ್ ಟ್ಯಾಂಕಿಗೆ ಅಂಟಿಸಿದ ಕಾರ್ಖಾನೆಯ ಚೀಟಿಯನ್ನೂ ಹುಡುಕುತ್ತಾರೆ.

ಹಳೆ ಕಾರುಗಳಿಗೆ ಈಗ ಭಾರತದಲ್ಲಿ ಬಾಗಿಲು ಸ್ವಲ್ಪ ತೆರೆದಿದೆ. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ 'ವಿಎ' ಸರಣಿಯ ಪ್ರತ್ಯೇಕ ನೋಂದಣಿ ಬಂತು. ನೋಂದಣಿ ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿಗಳಿಗೆ ಓಡಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ. 2025ರಲ್ಲಿ ಅಂಥ ಕಾರುಗಳ ಆಮದಿಗೂ ಲೈಸೆನ್ಸ್ ಬೇಡವಾಯಿತು. ಸುಂಕ ಮಾತ್ರ ಕಣ್ಣು ಕುಕ್ಕುವಷ್ಟಿದೆ.

ಶಿವಮೊಗ್ಗ–ಭದ್ರಾವತಿ ಈ ಕತೆಗೆ ಮತ್ತೆ ಸೇರುವುದು ಕೊಳ್ಳುವವರ ಊರಾಗಿ ಅಲ್ಲ, ರಿಪೇರಿಯವರ ಊರಾಗಿ ಎಂದೇ ನನ್ನ ಅಂದಾಜು. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್, ಮಲೆನಾಡ ಮಳೆಗೆ ಅದು ತುಕ್ಕು ಹಿಡಿಯದು. ಆದರೆ ಒಳಗಿನ ಉಕ್ಕಿನ ಚಾಸಿ ತಿಂದುಹೋಗುತ್ತದೆ, ನೀರಿನ ಪಂಪಿನ ಬೀಡಿನ ಕವಚ ಬಿರಿಯುತ್ತದೆ. ಬಿರಿದ ಭಾಗವನ್ನೇ ಮರಳಿನಲ್ಲಿ ಒತ್ತಿ ಹೊಸದನ್ನು ಹುಯ್ದರೆ ಕೆಲಸ ಕೆಟ್ಟಿತು: ತಣಿಯುವಾಗ ಬೀಡು ಸುಮಾರು ನೂರಕ್ಕೊಂದು ಪಾಲು ಕುಗ್ಗುತ್ತದೆ. ಇನ್ನೂರು ಮಿಲಿಮೀಟರಿನ ಭಾಗ ಎರಡು ಮಿಲಿಮೀಟರ್ ಗಿಡ್ಡವಾದರೆ ಬೋಲ್ಟಿನ ತೂತುಗಳು ಕೂಡುವುದೇ ಇಲ್ಲ. ಆ ಕುಗ್ಗುವಿಕೆಯ ಜೊತೆಗೆ ಲೇತಿನಲ್ಲಿ ತರಿಯುವ ಪದರವನ್ನೂ ಲೆಕ್ಕಹಾಕಿ ಮರದ ಮಾದರಿ, ಅಂದರೆ ಪ್ಯಾಟರ್ನ್, ಕೆತ್ತಬೇಕು. ಈ ಲೆಕ್ಕ ಕೈಗೆ ಹತ್ತಿದವರು ಎರಡೂ ಊರುಗಳ ನಡುವಿನ ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿದ್ದಾರೆ. ತೊಡಕಿರುವುದು ಸಂಖ್ಯೆಯಲ್ಲಿ. ರಾಶಿಗಟ್ಟಲೆ ಆರ್ಡರಿಗೆ ಒಗ್ಗಿದ ಫೌಂಡ್ರಿಗೆ ಒಂದೇ ಪೀಸು ಹುಯ್ಯುವುದು ದಂಡದ ಬಾಬ್ತು. ಒಬ್ಬ ಗಿರಾಕಿಯ ಪ್ಯಾಟರ್ನ್‌ನಿಂದ ಹತ್ತು ಹುಯ್ದು, ಉಳಿದ ಒಂಬತ್ತನ್ನು ಹೊರಗಿನ ಸಂಗ್ರಾಹಕರಿಗೆ ಮಾರುವ ದಾರಿ ತೆರೆದರೆ ಆ ತೊಡಕೂ ಬಿಡಿಸಬಹುದು.