ದೊರೆ ಬದಲಾದ, ವರಹದ ದೇವರು ಬದಲಾಗಲಿಲ್ಲ

ರಾಜ್ಯ ಗೆಲ್ಲುವುದು ಒಂದು, ಹಣದ ಮೇಲಿನ ಜನರ ನಂಬಿಕೆ ಗೆಲ್ಲುವುದು ಇನ್ನೊಂದು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯನ್ನಾಳಿದ ಕೆಳದಿ ಅರಸರ ಚಿನ್ನದ ನಾಣ್ಯ ಇಕ್ಕೇರಿ ವರಹವೆಂದೇ ಪ್ರಸಿದ್ಧ. 1763ರಲ್ಲಿ ಹೈದರ್ ಅಲಿ ಅವರ ರಾಜಧಾನಿ ಬಿದನೂರನ್ನು ಗೆದ್ದು, ಹೈದರನಗರವೆಂದು ಹೆಸರಿಟ್ಟ. ಆದರೆ ಅವನ ವರಹದ ಮೇಲೂ ಶಿವ-ಪಾರ್ವತಿಯರೇ ಉಳಿದರು. ಹಿಂಬದಿಗೆ ಮಾತ್ರ ಅವನ ಹೆಸರಿನ ಪರ್ಷಿಯನ್ ಮೊದಲಕ್ಷರ ಬಂತು. ಪರಿಚಿತ ಚಿತ್ರವಿದ್ದರೆ ವರ್ತಕರು ಹಿಂಜರಿಯುತ್ತಿರಲಿಲ್ಲ.

ರೋಮಿನಲ್ಲೂ ಹೀಗೇ ಆಗಿತ್ತು. ಕ್ರಿ.ಶ. 312ರ ಬಳಿಕ ಕ್ರೈಸ್ತಮತದತ್ತ ಒಲಿದ ಚಕ್ರವರ್ತಿ ಕಾನ್‌ಸ್ಟಂಟೈನನ ಕಂಚಿನ ನಾಣ್ಯಗಳಲ್ಲಿ ಸೂರ್ಯದೇವ ಕೆಲವು ವರ್ಷ ಮುಂದುವರಿದಿದ್ದ.

ಟಿಪ್ಪು ಸುಲ್ತಾನ್ ವರಹದಿಂದ ದೇವರ ಚಿತ್ರ ತೆಗೆದ. ನಗರದ ಟಂಕಸಾಲೆಯ ತಾಮ್ರದ ಕಾಸಿನ ಮೇಲೆ ಆನೆ ಮೂಡಿತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ-ಪಾರ್ವತಿಯರು ಮರಳಿ ಬಂದರು.