ಮೌನಕ್ಕೊಂದು ವ್ರತ

ಮೆಕ್ಸಿಕೊ ದೇಶದ ಮಾರ್ಸಿಯಲ್ ಮಾಸಿಯೆಲ್ 1941ರ ಜನವರಿ 3ರಂದು ಧಾರ್ಮಿಕ ಸಭೆಯೊಂದನ್ನು ಆರಂಭಿಸಿದಾಗ ಆತನಿಗೆ ಇಪ್ಪತ್ತೇ ವರ್ಷ. ಗುರುದೀಕ್ಷೆ ಇನ್ನೂ ಆಗಿರಲಿಲ್ಲ. ಮುಂದೆ ಲೀಜನರೀಸ್ ಆಫ್ ಕ್ರೈಸ್ಟ್ ಎಂಬ ಹೆಸರಿನಿಂದ ಹಲವು ದೇಶಗಳಿಗೆ ಹರಡಿದ ಈ ಸಭೆಗೆ ದೈವಕರೆಗಳೂ ಧನವೂ ಹೇರಳವಾಗಿ ಹರಿದುಬಂದವು. ಅದೇ ಸಭೆ 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದರ ಸ್ಥಾಪಕನೊಬ್ಬನಿಂದಲೇ ಕನಿಷ್ಠ 60 ಮಂದಿ ಅಪ್ರಾಪ್ತರು ಲೈಂಗಿಕ ಶೋಷಣೆಗೆ ಒಳಗಾಗಿದ್ದರು. ಇದನ್ನು ಬರೆಯುವಾಗ ಯಾಜಕನಾದ ನನ್ನ ಕೈ ತಡೆಯುತ್ತದೆ. ಆದರೂ ಬರೆಯುತ್ತಿದ್ದೇನೆ. ಇಂತಹ ಸುದ್ದಿ ಬಂದಾಗಲೆಲ್ಲ ಧರ್ಮಕೇಂದ್ರಗಳಲ್ಲಿ ಒಳ್ಳೆಯವರೂ ವಿದ್ಯಾವಂತರೂ ಕೇಳುವ ಮಾತೊಂದಿದೆ: "ಇಷ್ಟು ವರ್ಷ ಅವರೇಕೆ ಬಾಯಿ ಬಿಡಲಿಲ್ಲ?"

ಆ ಹುಡುಗರು ಹತ್ತು, ಹನ್ನೆರಡರ ಪ್ರಾಯದವರು. ಭಕ್ತಿವಂತ ಮೆಕ್ಸಿಕನ್ ಕುಟುಂಬಗಳ ಮಕ್ಕಳು. ಅವರನ್ನು ಕಡಲಾಚೆ ಸ್ಪೇನ್‌ಗೆ, ಆಮೇಲೆ ರೋಮಿಗೆ ಕರೆದೊಯ್ಯಲಾಯಿತು. ತಂದೆತಾಯಿಯ ಮುಖ ಕಾಣುವುದೇ ಅಪರೂಪವಾಯಿತು. ಮನೆಗೆ ಬರೆದ ಕಾಗದವನ್ನೂ ಮನೆಯಿಂದ ಬಂದ ಕಾಗದವನ್ನೂ ಮೇಲಧಿಕಾರಿಗಳು ಓದುತ್ತಿದ್ದರು. (ನಾನು ಕಿರಿಯ ಗುರುಮಠದಲ್ಲಿದ್ದಾಗಲೂ ಕಾಗದಗಳು ತೆರೆದೇ ನಮ್ಮ ಕೈಸೇರುತ್ತಿದ್ದವು. ಅದನ್ನು ನಾವಾರೂ ತಪ್ಪೆಂದು ತಿಳಿದಿರಲಿಲ್ಲ. ಅಮ್ಮನಿಗೆ ಬರೆಯುವಾಗ ಹೊಟ್ಟೆ ಹಸಿವಿನ ಮಾತನ್ನು ಬಿಟ್ಟು ಬರೆಯುವುದನ್ನು ಮಾತ್ರ ಬೇಗ ಕಲಿತಿದ್ದೆವು.) ಇತ್ತ ಸ್ವಂತ ತಂದೆ ದೂರವಾದ; ಅತ್ತ ಮಾಸಿಯೆಲ್‌ನನ್ನು ಎಲ್ಲರೂ "ನಮ್ಮ ತಂದೆ" ಎಂದೇ ಕರೆಯಬೇಕಾಗಿತ್ತು. ಬದುಕಿರುವಾಗಲೇ ಆತ ಸಂತನೆಂಬ ಮಾತು ಆ ಗೋಡೆಗಳೊಳಗೆ ಹಬ್ಬಿತ್ತು.

ಅಂಥವನ ಕೋಣೆಯಿಂದ ರಾತ್ರಿ ಕರೆ ಬಂದರೆ ಹುಡುಗನಿಗೆ ಅದು ಭಯವಲ್ಲ, ಭಾಗ್ಯ. ತನಗೊಂದು ನೋವಿನ ಕಾಯಿಲೆಯಿದೆ, ಅದರ ಶಮನಕ್ಕಾಗಿ ಇಂತಹ ಸೇವೆ ಪಡೆಯಲು ಸ್ವತಃ ಪೋಪ್ ಜಗದ್ಗುರುಗಳೇ ಅನುಮತಿ ನೀಡಿದ್ದಾರೆ ಎಂದು ಆತ ಹೇಳುತ್ತಿದ್ದನೆಂದು ಸಂತ್ರಸ್ತರು ತಿಳಿಸಿದ್ದಾರೆ. ಹುಡುಗನ ಅಂತಃಸಾಕ್ಷಿ ಚುಚ್ಚಿದರೆ ಪಾಪನಿವೇದನೆ ಕೇಳಿ ಪಾಪವಿಮೋಚನೆ ಕೊಡುತ್ತಿದ್ದವನೂ ಆತನೇ. ಧರ್ಮಸಭೆಯ ಕಾನೂನಿನಲ್ಲಿ ಇಂತಹ ವಿಮೋಚನೆಗೆ ಸಿಂಧುತ್ವವಿಲ್ಲ. ಕೊಟ್ಟ ಯಾಜಕ ತಾನಾಗಿಯೇ ಬಹಿಷ್ಕೃತನಾಗುತ್ತಾನೆ. ಆದರೆ ಹನ್ನೆರಡು ವರ್ಷದ ಮಗುವಿಗೆ ಈ ಕಾನೂನನ್ನು ಕಲಿಸಿದವರಾರು? ಕೆಡುಕು ಮಾಡಿದವನೂ, ಅದು ಕೆಡುಕಲ್ಲವೆಂದು ತೀರ್ಪಿತ್ತವನೂ, ಕ್ಷಮಿಸಿದವನೂ ಒಬ್ಬನೇ ಆದಾಗ ಮಗು ಯಾರಲ್ಲಿಗೆ ಹೋಗಬೇಕು?

ಇಷ್ಟೂ ಸಾಲದೆಂಬಂತೆ ಆ ಸಭೆಯಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಖಾಸಗಿ ವ್ರತವೊಂದಿತ್ತು: ಮೇಲಧಿಕಾರಿಯನ್ನು ಎಂದೂ ಟೀಕಿಸಬಾರದು; ಟೀಕಿಸಿದವರನ್ನು ಕಂಡರೆ ವರದಿ ಮಾಡಬೇಕು. ಆಣೆಯಿಟ್ಟು ಕೈಗೊಂಡ ವ್ರತವನ್ನು ಮುರಿಯುವುದು ಪಾಪವೆಂದು ನಂಬಿದವನಿಗೆ ಹೊರಗಿನ ಬೀಗ ಬೇಕಿಲ್ಲ. ಆತನ ಭಕ್ತಿಯೇ ಆತನನ್ನು ಕಾವಲು ಕಾಯುತ್ತದೆ. ಶೋಷಕನ ಅಧಿಕಾರವೆಂದರೆ ಬೆದರಿಕೆ, ಹೊಡೆತ ಎಂದಷ್ಟೇ ಭಾವಿಸುವವರು ಈ ಜಾಣತನವನ್ನು ಕಾಣಲಾರರು. ವಿಧೇಯತೆ ನಾನೂ ಪ್ರೀತಿಸುವ ಸದ್ಗುಣ. ಅದನ್ನೇ ಆತ ಹಗ್ಗವಾಗಿ ಹೊಸೆದ.

1956ರಲ್ಲಿ ಮಾದಕ ಮದ್ದಿನ ಚಟವೂ ಸೇರಿದಂತೆ ಹಲವು ಆರೋಪಗಳ ಮೇಲೆ ವ್ಯಾಟಿಕನ್ ಮಾಸಿಯೆಲ್‌ನನ್ನು ಹುದ್ದೆಯಿಂದ ದೂರವಿರಿಸಿ ತನಿಖೆಗೆ ಆಜ್ಞಾಪಿಸಿತು. ತನಿಖೆಗೆ ಬಂದ ಕಾರ್ಮೆಲ್ ಸಭೆಯ ಗುರುಗಳು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಹುಡುಗರು ಸುಳ್ಳು ಹೇಳಿದರು. ತಮ್ಮ "ತಂದೆ"ಯನ್ನು ಉಳಿಸಲು ಸುಳ್ಳಾಡಿದೆವೆಂದು ಅವರಲ್ಲಿ ಹಲವರು ನಾಲ್ಕು ದಶಕಗಳ ನಂತರ ಒಪ್ಪಿಕೊಂಡರು. 1959ರಲ್ಲಿ ಆತ ಮತ್ತೆ ಗದ್ದುಗೆಗೇರಿದ. ಆ ಸುಳ್ಳಿಗೆ ಆ ಮಕ್ಕಳನ್ನು ದೂಷಿಸಲು ನನ್ನಿಂದಾಗದು. ತನಿಖೆಯ ಗುರುಗಳು ನಾಲ್ಕು ದಿನವಿದ್ದು ಹೋಗುವವರು, "ತಂದೆ"ಯಾದರೋ ಮರಳಿ ಬರುವವನು.

ದೊಡ್ಡವರಾದ ಮೇಲೆ ಅವರು ಸುಮ್ಮನಿರಲಿಲ್ಲ ಎಂಬುದು ಗಮನಾರ್ಹ. ಸಭೆ ಬಿಟ್ಟುಬಂದ ಒಬ್ಬ ಯಾಜಕರು 1976, 1978 ಮತ್ತು 1989ರಲ್ಲಿ ರೋಮಿಗೆ ಪತ್ರ ಕಳುಹಿಸಿದರು. ಫಲ ಕಾಣಲಿಲ್ಲ. 1994ರಲ್ಲಿ ಮಾಸಿಯೆಲ್ ಯುವಜನರಿಗೆ ಸಮರ್ಥ ಮಾರ್ಗದರ್ಶಕನೆಂಬ ಪ್ರಶಂಸೆಯನ್ನು ಪೋಪ್ ಎರಡನೇ ಜಾನ್ ಪೌಲರಿಂದಲೇ ಪಡೆದ. 1997ರಲ್ಲಿ ಒಂಬತ್ತು ಮಂದಿಯ ಸಾಕ್ಷ್ಯ ಅಮೆರಿಕದ 'ಹಾರ್ಟ್‌ಫೋರ್ಡ್ ಕೂರಂಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಸ್ಥಾಪಕರ ವಿರುದ್ಧದ ಸಂಚು ಎಂದಿತು ಸಭೆ. 1998ರಲ್ಲಿ ವ್ಯಾಟಿಕನ್‌ಗೆ ವಿಧಿವತ್ತಾಗಿ ದೂರು ಹೋಯಿತು; ಆ ದೂರಿನ ತಿರುಳು, ತಾನೇ ಎಳೆತಂದ ಪಾಪಕ್ಕೆ ತಾನೇ ವಿಮೋಚನೆಯಿತ್ತ ಅದೇ ಅಪರಾಧ. ತಾವು ಬಾಯಿ ಬಿಟ್ಟರೂ ಕೇಳುವ ಕಿವಿಯಿರಲಿಲ್ಲವೆಂದು ಇವರು ನಮ್ಮ ಪ್ರಶ್ನೆಯನ್ನೇ ನಮಗೆ ತಿರುಗಿಸಬಹುದು.

ಕಡೆಗೂ 2005ರಲ್ಲಿ ಮಾನ್ಯ ಚಾರ್ಲ್ಸ್ ಶಿಕ್ಲೂನ ಅವರು ನ್ಯೂಯಾರ್ಕ್ ಹಾಗೂ ಮೆಕ್ಸಿಕೊಗೆ ತೆರಳಿ ಸಾಕ್ಷ್ಯ ದಾಖಲಿಸಿಕೊಂಡರು. 2006ರ ಮೇ ತಿಂಗಳಲ್ಲಿ ಪೋಪ್ 16ನೇ ಬೆನೆಡಿಕ್ಟರು ಮಾಸಿಯೆಲ್‌ಗೆ ಬಹಿರಂಗ ಸೇವೆಯನ್ನೆಲ್ಲ ತೊರೆದು ಪ್ರಾರ್ಥನೆ, ಪ್ರಾಯಶ್ಚಿತ್ತಗಳಲ್ಲಿ ದಿನ ಕಳೆಯುವಂತೆ ಸೂಚಿಸಿದರು. ವಯಸ್ಸು, ಅನಾರೋಗ್ಯಗಳ ಕಾರಣ ವಿಚಾರಣೆಯೇ ನಡೆಯಲಿಲ್ಲ. ಇದು ನನಗೆ ಇಂದಿಗೂ ಸಮಾಧಾನ ತಂದಿಲ್ಲ. ಆತ 2008ರ ಜನವರಿಯಲ್ಲಿ ತೀರಿಕೊಂಡ. ಮೌನದ ಆ ವ್ರತವೂ ಬೆನೆಡಿಕ್ಟರ ಕಾಲದಲ್ಲೇ ರದ್ದಾಯಿತು.

2021ರಲ್ಲಿ ಪರಿಷ್ಕೃತವಾದ ಧರ್ಮಸಭೆಯ ದಂಡಸಂಹಿತೆ ಅಧಿಕಾರವನ್ನು ದುರುಪಯೋಗಪಡಿಸಿ ನಡೆಸುವ ಲೈಂಗಿಕ ಕೃತ್ಯವನ್ನು ಸ್ಪಷ್ಟವಾಗಿ ಹೆಸರಿಸಿದೆ. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯಂತೂ ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅಲ್ಲಿನ ಮಗುವಿನ ಮೇಲೆ ಎಸಗುವ ಕೃತ್ಯವನ್ನು ಹೆಚ್ಚು ಘೋರವೆಂದು ಎಣಿಸುತ್ತದೆ. ತಿಳಿದೂ ಪೊಲೀಸರಿಗೆ ತಿಳಿಸದಿರುವುದನ್ನೂ ಅಪರಾಧವೆನ್ನುತ್ತದೆ.

2010ರ ಮಾರ್ಚ್ 25ರಂದು ಲೀಜನರಿಗಳ ಮುಖ್ಯಸ್ಥರು, ಹಿಂದೆ ಆರೋಪ ಮಾಡಿದವರನ್ನು ತಾವು ನಂಬದೆ ಹೋದುದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. 1997ರ ಒಂಬತ್ತು ಮಂದಿಯಲ್ಲಿ ಒಬ್ಬರು ಆ ಪತ್ರವನ್ನು ಓದಲಿಲ್ಲ. ಅವರು ಸಾಯುವ ಮುನ್ನ ತಮ್ಮ ಹೇಳಿಕೆಯನ್ನು ಬಿಟ್ಟು 1995ರಲ್ಲೇ ತೀರಿಹೋಗಿದ್ದರು.